ಗಾಲಿಯಾಚೆಯ ಚುಕ್ಕೆ

ಅಂಟು ಬಿಡಿಸಲು ಕೂದಲೊಣಗಿಸುವ ಯಂತ್ರವೇ ಸಾಕು ಎಂದು ಕಂಡುಹಿಡಿದವಳು ಅವಳೇ ಆದ್ದರಿಂದ, ನಲವತ್ತೊಂದು ಗಾಲಿಕುರ್ಚಿಗಳ ಸ್ಟಿಕ್ಕರ್ ಬಿಡಿಸುವ ಕೆಲಸವೂ ಅವಳ ತಲೆಗೇ ಬಂತು. ಬೆಳಗಿನಿಂದ ಹದಿನೇಳು ಮುಗಿದಿದ್ದವು. ಬಿಸಿಗಾಳಿ ತಾಗಿ ಅಂಚು ಸುರುಳಿಯಾದಾಗ ಉಗುರು ತೂರಿಸಿ ನಿಧಾನವಾಗಿ ಎಳೆದರೆ ರಾಷ್ಟ್ರೀಯ ಸೇವೆಯ ಲಾಂಛನ, ನೀಲಿ ವೃತ್ತದೊಳಗೆ ಮೇಲಕ್ಕೆತ್ತಿದ ಮೂರು ಕೈ, ಒಂದೇ ತುಂಡಾಗಿ ಕಳಚಿ ಬರುತ್ತಿತ್ತು. ಅವಸರ ಮಾಡಿದರೆ ಕೈಗಳು ಅಲ್ಲೇ ಉಳಿದು ವೃತ್ತ ಮಾತ್ರ ಬರುತ್ತಿತ್ತು. ತಪ್ಪು ಇಂಥವರದೇ ಎನ್ನುವಂತಿರಲಿಲ್ಲ. ಈ ಶೆಡ್ಡಿನಲ್ಲಿ ಕುರ್ಚಿಗಳು ರಿಪೇರಿಯಾಗುವುದೇ ತಲೆಕೆಳಗಾಗಿ. ಬೆಂಚಿನ ಮೇಲೆ ಬೋರಲು ಹಾಕಿ, ಗಾಲಿಗಳನ್ನು ಸೂರಿನ ಕಡೆ ಮಾಡಿ, ಬೇರಿಂಗು ಬದಲಿಸಿ, ಬ್ರೇಕು ಬಿಗಿದು, ಕಟ್ಟಕಡೆಗೆ ಬೆನ್ನ ಹಿಂದಿನ ತಗಡಿನ ಪಟ್ಟಿಗೆ ಸ್ಟಿಕ್ಕರ್ ಒತ್ತಿ ಕೆಳಗಿಳಿಸುವುದು. ಒಂದು ವರ್ಷದ ಸೇವೆಗೆಂದು ಬಂದ ಹೊಸಬರು ತಮ್ಮ ಕಣ್ಣಿಗೆ ನೆಟ್ಟಗೆ ಕಂಡಂತೆ ಒತ್ತಿದ್ದರು. ಕುರ್ಚಿ ನೆಲಕ್ಕಿಳಿದು ತನ್ನ ಗಾಲಿಗಳ ಮೇಲೆ ನಿಂತಾಗ ಮೂರು ಕೈಗಳೂ ನೆಲದ ಕಡೆ ಚಾಚಿಕೊಂಡು, ಬಿದ್ದುಹೋದ ಏನನ್ನೋ ತಡಕುತ್ತಿದ್ದವು. ಅವಳೇ ಫೋಟೋ ತೆಗೆದು ಅನುದಾನ ಕಚೇರಿಗೆ ಕಳಿಸಿದ್ದಳು. ತಪ್ಪನ್ನು ತಾನೇ ನೋಡಿಯೂ ನೋಡಿರಲಿಲ್ಲ. ಲಾಂಛನವನ್ನು ಓರೆಯಾಗಿ, ಅಡ್ಡಲಾಗಿ ಅಥವಾ ತಲೆಕೆಳಗಾಗಿ ಬಳಸತಕ್ಕದ್ದಲ್ಲ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದ ಪತ್ರ ಬಂತು.

‘ದೇಶಕ್ಕೇ ಶೀರ್ಷಾಸನ ಹಾಕಿಸ್ಬಿಟ್ರಲ್ರೀ,’ ಎಂದು ದೊಡ್ಡವರು ಎಲ್ಲರ ಎದುರು ನಕ್ಕಿದ್ದರು. ಶೆಡ್ಡು ನಡೆಸುವವರನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ, ದೊಡ್ಡವರು ಎಂದು. ನಕ್ಕವರು ಅವಳ ಮೇಲೆ ಕಣ್ಣು ಬಿದ್ದ ಕೂಡಲೇ ನಗೆಯನ್ನು ಅರ್ಧಕ್ಕೆ ನುಂಗಿದರು. ಅವಳೆದುರು ಎಲ್ಲರಿಗೂ ಅದು ರೂಢಿಯಾಗಿಬಿಟ್ಟಿತ್ತು. ಆಗ ಮೂಲೆಯಿಂದ ಸೀಟು ಹೊಲಿಯುವ ರೆಕ್ಸಿನಕ್ಕ, ಹೊಲಿಗೆ ಮೆಷಿನ್ ನಿಲ್ಲಿಸದೆಯೇ, ‘ಅವ್ರು ಒಂದಿನ ಒಂದು ಗುರುತು ಉಲ್ಟಾ ಬರೆದಿದ್ದಿಲ್ಲ,’ ಎಂದಿದ್ದಳು. ಅಷ್ಟೇ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರು ಜನ ಒಟ್ಟಿಗೆ, ‘ಹೌದಕ್ಕಾ, ಹೌದು,’ ಎಂದರು. ಇಲ್ಲಿ ಗುರುತು ಬರೆಯುತ್ತಿದ್ದ, ಈಗಿಲ್ಲದ ಇವಳ ಗಂಡನ ವಿಷಯ, ಇವಳು ಅಲ್ಲೇ ನಿಂತಿದ್ದಾಳೆ, ಸಮಾಧಾನ ಹೋದದ್ದು ಮೂಲೆಗೆ.

ಹದಿನೆಂಟನೆಯ ಕುರ್ಚಿಯಲ್ಲಿ ಬಿಸಿಗಾಳಿ ಎಡಗೈ ಬೆರಳುಗಳಿಗೇ ಹೊಡೆಯುತ್ತಿತ್ತು. ಚರ್ಮ ಕೆಂಪಾದ ಮೇಲೆ ಅವಳಿಗೆ ತಿಳಿದದ್ದು, ಅದೂ ಕಣ್ಣಿನಿಂದ. ಇತ್ತೀಚೆಗೆ ಎಲ್ಲವೂ ಹೀಗೆ, ದೂರದ ಊರಿನಿಂದ ಬರುವ ಟಪಾಲಿನಂತೆ ಎರಡು ದಿನ ತಡವಾಗಿ. ಹದಿನಾಲ್ಕು ತಿಂಗಳ ಹಿಂದೆ ಬಸ್ ನಿಲ್ದಾಣದಲ್ಲಿ ಕುಸಿದ ಗಂಡನನ್ನು ಆಸ್ಪತ್ರೆಗೆ ತಂದು, ಇನ್ನಿಲ್ಲ ಎಂದು ಹೇಳಿದಾಗಲೂ ಅವಳು ಕೇಳಿದ್ದು, ‘ಅವರ ಊಟದ ಡಬ್ಬಿ ಎಲ್ಲಿ?’ ಎಂದು. ಡಬ್ಬಿ ಸಿಕ್ಕಿತ್ತು. ತೊಳೆದು ಕಪಾಟಿನಲ್ಲಿಟ್ಟಳು. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಆ ಹೊತ್ತು ಮೂರ್ಛೆ ಹೋದವಳು ರೆಕ್ಸಿನಕ್ಕ. ದಾರದ ಉಂಡೆಯೊಂದು ಕೈಯಿಂದ ಜಾರಿ ಓಣಿಯುದ್ದಕ್ಕೂ ಬಿಚ್ಚಿಕೊಳ್ಳುತ್ತಾ ಹೋದದ್ದು ಇವಳಿಗೆ ನೆನಪಿದೆ. ಕೆಲಸದಿಂದ ಎದ್ದವಳು ಹಾಗೇ ಓಡಿಬಂದಿದ್ದಳು. ನರ್ಸು ಅವಳ ಮುಖಕ್ಕೆ ನೀರು ಚಿಮುಕಿಸಿದಳು. ದೊಡ್ಡವರು ಗಾಳಿ ಹಾಕಿದರು. ಗುರುತಿಲ್ಲದ ಮುದುಕರೊಬ್ಬರು ಇವಳ ಹತ್ತಿರ ಬಂದು, ‘ಪಾಪ, ಅವ್ರ ಮನೆಯವರೇನಮ್ಮಾ?’ ಎಂದು ನೆಲದ ಮೇಲಿದ್ದವಳನ್ನು ತೋರಿಸಿ ಕೇಳಿದರು. ಇವಳು ಅಲ್ಲ ಎನ್ನಲಿಲ್ಲ. ಅಲ್ಲ ಎಂದರೆ ಮುಂದಿನ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಮನೆಗೆ ಬಂದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಅತ್ತೆ ನಾದಿನಿಗೆ ಮೆಲ್ಲನೆ ಹೇಳುತ್ತಿದ್ದರು: ‘ಅವಳಾದ್ರೂ ಅತ್ಲು ಕಣೇ.’ ಹೊರಗೆ ನಿಂತಿದ್ದ ಸೊಸೆ ಬಾಗಿಲ ಮರೆಯಲ್ಲಿ ಎರಡು ನಿಮಿಷ ನಿಂತು, ಆಮೇಲೆ ಒಳಗೆ ಹೋಗಿ, ‘ಅತ್ತೆ, ಪಾತ್ರೆ ಕೊಡಿ, ನಾನು ತೊಳೀತೀನಿ,’ ಎಂದಿದ್ದಳು.

ದೊಡ್ಡವರು ಕೊಟ್ಟ ಕೆಲಸ ಇದು: ಅನುದಾನದ ಕಾಗದಪತ್ರ. ಓದಿದವಳು, ಮನೆಯಲ್ಲಿ ಕೂತರೆ ಕೊರಗುತ್ತಾಳೆ, ಎಂದು ಕರೆಸಿಕೊಂಡಿದ್ದರು. ಕೊರಗಿದ್ದರೆ ಚೆನ್ನಾಗಿತ್ತು. ಅವಳು ನಿಯಮಾವಳಿಯ ಅರವತ್ತೆರಡು ಪುಟವನ್ನು ಎರಡು ಸಲ ಓದಿದಳು, ಮತ್ತು ಆಶ್ಚರ್ಯವೆಂದರೆ ಅದು ಅವಳಿಗೆ ಹಿಡಿಸಿತು. ಲಾಂಛನದ ಬಣ್ಣ ಬದಲಿಸುವಂತಿಲ್ಲ. ನೆರಳು ಕೊಡುವಂತಿಲ್ಲ. ಇನ್ನೊಂದು ಗುರುತಿನ ಮೇಲೆ ಅಂಟಿಸುವಂತಿಲ್ಲ. ಸಂಸ್ಥೆಯ ಸ್ವಂತ ಗುರುತು ಅದಕ್ಕಿಂತ ದೊಡ್ಡದಿರುವಂತಿಲ್ಲ. ಅದರ ಸುತ್ತ, ಅದರ ಎತ್ತರದ ಕಾಲು ಭಾಗದಷ್ಟು ಜಾಗ ಖಾಲಿ ಇರತಕ್ಕದ್ದು. ಆ ಖಾಲಿಯೊಳಗೆ ಗೆರೆ, ಅಕ್ಷರ, ಚುಕ್ಕೆ ಯಾವುದೂ ಬರತಕ್ಕದ್ದಲ್ಲ. ಯಾರು ಯಾರಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಹೀಗೆ ಮಿಲಿಮೀಟರಿನಲ್ಲಿ ಬರೆದಿಟ್ಟ ಪುಸ್ತಕವೊಂದು ಬದುಕಿಗೂ ಇದ್ದಿದ್ದರೆ, ಅವಳು ಅದನ್ನು ಶೆಡ್ಡಿನ ಬದಿಯ ತನ್ನ ಗಾಜಿನ ಕೋಣೆಯಲ್ಲಿ ಕೂತು ಓದಿ, ಸ್ಕೇಲು ತೆಗೆದುಕೊಂಡು ಹೊರಗೆ ಹೋಗಿ, ರೆಕ್ಸಿನಕ್ಕನ ಮೂಲೆಯನ್ನು ಅಳೆಯುತ್ತಿದ್ದಳು. ಆ ಮೂಲೆಯ ಮೊಳೆಗೆ ಅವನ ಕೆಲಸದ ಅಂಗಿ ಈಗಲೂ ನೇತಾಡುತ್ತಿತ್ತು. ತೋಳಿನ ಮೇಲೆ ಒಣಗಿದ ಬಿಳಿ ಪೇಂಟು. ಅದನ್ನು ಮನೆಗೆ ಒಯ್ಯಬೇಕು ಎಂದು ಅವಳಿಗೆ ಅನಿಸಿರಲೇ ಇಲ್ಲ. ಅನಿಸಿದಾಗ ಆ ಅಂಗಿ ಆ ಮೊಳೆಯದೇ ಆಗಿಬಿಟ್ಟಿತ್ತು. ಕೇಳಿದರೆ ರೆಕ್ಸಿನಕ್ಕ ತಕ್ಷಣ ಕೊಡುತ್ತಾಳೆ. ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕೊಡುತ್ತಾಳೆ. ಕೊಡುವ ಹಕ್ಕು ಅವಳಿಗಿದೆ ಎಂದಾಗುತ್ತದೆ. ಅದಕ್ಕೇ ಕೇಳಲಿಲ್ಲ. ಹನ್ನೊಂದು ವರ್ಷ ಅವರಿಬ್ಬರೂ ಒಂದೇ ಸೂರಿನ ಕೆಳಗೆ ದಿನಕ್ಕೆ ಒಂಬತ್ತು ಗಂಟೆ ಇದ್ದರು, ಅವನು ಪೈಪು ಬೆಸೆಯುತ್ತಾ, ಅವಳು ಸೀಟು ಹೊಲಿಯುತ್ತಾ. ಮದುವೆಯಾಗಿ ಇವಳಿಗೆ ಸಿಕ್ಕಿದ್ದು ಮೂರೂವರೆ ವರ್ಷ, ಅದೂ ಸಂಜೆಯ ಮೇಲೆ, ದಣಿದವನು. ಲೆಕ್ಕ ಹಾಕಿದರೆ ದುಃಖದಲ್ಲೂ ಅವಳದೇ ಹಿರಿತನ.

ಇಬ್ಬರ ನಡುವೆ ಏನೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದದ್ದೇ ಕಷ್ಟವಾಗಿತ್ತು. ಏನಾದರೂ ಇದ್ದಿದ್ದರೆ ಹೊಟ್ಟೆಯುರಿಗೆ ಒಂದು ನ್ಯಾಯ ಇರುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಮುಂಚೆ ದೊಡ್ಡವರು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತರು. ‘ಮೇಡಂ, ಆ ಒಪ್ಪಿಗೆ ಪತ್ರ ಒಂದು ಆಗ್ಬಿಟ್ರೆ...’

‘ಐದು ಗಂಟೆ ಒಳಗೆ ಕಳಿಸ್ತೀನಿ ಸಾರ್.’

‘ಇವತ್ತೇ ಕಡೇ ದಿನ. ತಪ್ಪಿದ್ರೆ ನಮ್ಮ ಗುರುತನ್ನ ಎಲ್ಲಾ ಕುರ್ಚಿಯಿಂದ ಅಳಿಸಿ, ಬರೀ ಅವ್ರ ಲಾಂಛನ ಇಟ್ಕೊಳಿ ಅಂತಾರೆ. ನಿಮ್ಗೆ ಕಷ್ಟ ಅಂತ ಗೊತ್ತು. ಅವ್ರ ಹೆಸರು ಬರೆಯೋದು ಅಂದ್ರೆ...’ ಮಾತನ್ನು ಅಲ್ಲಿಗೇ ಬಿಟ್ಟು, ಹೋಗುತ್ತಾ, ‘ಅವ್ರ ನೆನಪು ಅಂತ ಉಳಿದಿರೋದು ಅದೊಂದೇ ಅಲ್ವಾ,’ ಎಂದರು.

ಪತ್ರ ಮೇಜಿನ ಮೇಲಿತ್ತು. ಲಾಂಛನದ ಪಕ್ಕ ಸಂಸ್ಥೆಯ ಗುರುತು ನಿಲ್ಲಬೇಕಾದರೆ ಅದು ಯಾರ ಕೈಯದು ಎಂಬುದು ಕಾಗದದ ಮೇಲೆ ಇರಬೇಕು. ಮೊದಲು ಬಳಸಿದ ವರ್ಷ. ರಚಿಸಿದವರ ಹೆಸರು, ಒಬ್ಬರದು ಮಾತ್ರ. ರಚಿಸಿದವರ ಸಹಿ, ಅವರು ಇಲ್ಲವಾಗಿದ್ದಲ್ಲಿ ವಾರಸುದಾರರ ಸಹಿ. ವಾರಸುದಾರರು ಎಂಬ ಪದದ ಮೇಲೆ ಅವಳು ಬೆಳಗ್ಗೆ ಬೆರಳಿಟ್ಟಿದ್ದಳು. ಮೊಳೆಗೆ ಅಂಗಿ ನೇತಾಡಲಿ, ಓಣಿಯಲ್ಲಿ ಯಾರು ಬೇಕಾದರೂ ಮೂರ್ಛೆ ಹೋಗಲಿ, ಈ ಸಾಲಿನಲ್ಲಿ ಬರೆಯಬಹುದಾದ ಹೆಸರು ಇಡೀ ಶೆಡ್ಡಿನಲ್ಲಿ ಒಂದೇ. ಗುರುತು ಬಹಳ ಸರಳ: ಎಂಟು ಕಡ್ಡಿಯ ಬಿಳಿ ಗಾಲಿ, ಕೈಯಲ್ಲಿ ಬರೆದದ್ದಾದ್ದರಿಂದ ತುಸು ಸೊಟ್ಟ, ಗಾಲಿಯ ಹೊರಗೆ, ಕೆಳಗೆ ಬಲಕ್ಕೆ, ಒಂದು ಚುಕ್ಕೆ.

ಮದುವೆಗೆ ಒಂದು ವಾರ ಇದ್ದಾಗ ಅವಳನ್ನು ಇಲ್ಲಿಗೆ ಕರೆತಂದಿದ್ದ. ಎಲ್ಲರೂ ಕೆಲಸ ಮಾಡುವಂತೆ ನಟಿಸುತ್ತಾ ನೋಡುತ್ತಿದ್ದರು. ಅವನು ಒಂದು ಕುರ್ಚಿಯ ಬೆನ್ನನ್ನು ಅವಳ ಕಡೆ ತಿರುಗಿಸಿ, ‘ಇದೇನು ಹೇಳು ನೋಡೋಣ,’ ಎಂದ. ‘ಗಾಲಿ.’ ‘ಅದು ಎಲ್ರಿಗೂ ಗೊತ್ತು. ಇದು?’ ಬೆರಳು ಚುಕ್ಕೆಯ ಮೇಲಿತ್ತು. ಆ ಬೆರಳು ಎದ್ದುಬಂದು ಅವಳ ಗಲ್ಲದ ಮಚ್ಚೆಯನ್ನು, ಎದುರು ನಿಂತವರ ಕಣ್ಣಿಗೆ ಬಲಕ್ಕೆ ಕಾಣುವ ಕಪ್ಪು ಮಚ್ಚೆಯನ್ನು, ಮುಟ್ಟಿತು. ‘ಇದು, ಇದು,’ ಎಂದ. ಗಲ್ಲದ ಮೇಲೆ ಪೇಂಟು ಹತ್ತಿಕೊಂಡಿತು. ಆ ಗಳಿಗೆಯಲ್ಲಿ ಮೂಲೆಯ ಹೊಲಿಗೆ ಮೆಷಿನ್ ನಿಂತದ್ದೂ ನೆನಪಿದೆ. ದಾರ ತುಂಡಾಗಿರಬೇಕು ಎಂದುಕೊಂಡಿದ್ದಳು. ಅವನು ಮೊದಲೇ ಇದ್ದ ಗಾಲಿಗೆ ತನಗಾಗಿ ಒಂದು ಚುಕ್ಕೆ ಸೇರಿಸಿದ ಎಂದು ಅವಳು ನಂಬಿದ್ದಳು. ಈಗ ನೆನಪಿಸಿಕೊಂಡರೆ ಅವನ ಮುಖಕ್ಕಿಂತ ಆ ಚುಕ್ಕೆಯೇ ಸ್ಪಷ್ಟ. ಊರಿನ ತುಂಬ ಗೊತ್ತಿಲ್ಲದ ಜನರ ಬೆನ್ನ ಹಿಂದೆ ಅವಳ ಮಚ್ಚೆ ಓಡಾಡುತ್ತಿದೆ ಎಂಬ ಗುಟ್ಟೊಂದು ಅವಳ ಆಸ್ತಿಯಾಗಿತ್ತು. ರೆಕ್ಸಿನಕ್ಕನ ಬಳಿ ಏನೇ ಇದ್ದರೂ ಇದಿರಲಿಲ್ಲ.

ಇಪ್ಪತ್ತಾರನೆಯ ಕುರ್ಚಿಯವರೆಗೆ.

ಅದು ಎರಡನೆಯ ಸಲ ರಿಪೇರಿಗೆ ಬಂದ ಕುರ್ಚಿ. ಸ್ಟಿಕ್ಕರ್ ಬಿಡಿಸಿ, ಅಂಟನ್ನು ಬಟ್ಟೆಯಿಂದ ಉಜ್ಜುವಾಗ ಪಟ್ಟಿಯ ಅಂಚಿನಲ್ಲಿ ಕೊರೆದ ಸಂಖ್ಯೆ ಕಣ್ಣಿಗೆ ಬಿತ್ತು. ಮೊದಲೆರಡು ಅಂಕಿ ವರ್ಷದ್ದು. ಎಂಟು ವರ್ಷ ಹಿಂದಿನದು. ಅವನನ್ನು ಅವಳು ಮೊದಲು ನೋಡಿ ಐದು ವರ್ಷ. ಪಕ್ಕದಲ್ಲಿ ಗಾಲಿ, ಬಿಳಿ ಬಣ್ಣ ಹಳದಿಗೆ ತಿರುಗಿದೆ. ಕೆಳಗೆ, ಬಲಕ್ಕೆ, ಚುಕ್ಕೆ. ಆಮೇಲೆ ಸೇರಿಸಿದ್ದಿರಬಹುದು ಎಂದು ಅವಳು ಉಗುರಿನಿಂದ ಕೆರೆದು ನೋಡಿದಳು. ಒಂದೇ ಬಣ್ಣ, ಒಂದೇ ಬಿರುಕು ಗಾಲಿಯಿಂದ ಚುಕ್ಕೆಯವರೆಗೆ ಹಾದುಹೋಗಿತ್ತು. ಕೈಯಲ್ಲಿದ್ದ ಯಂತ್ರ ಬಿಸಿಗಾಳಿ ಊದುತ್ತಲೇ ಇತ್ತು. ಮೊದಲು ನಾಚಿಕೆಯಾಯಿತು, ಯಾರೋ ನೋಡಿಬಿಟ್ಟರೇನೋ ಎಂಬಂತೆ. ಆಮೇಲೆ ಆ ನಾಚಿಕೆಯ ಕೆಳಗಿನಿಂದ ಇನ್ನೊಂದು ಎದ್ದು ಬಂತು. ಅವಳು ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವನ ಮೇಲೆ ಸಿಟ್ಟಾದಳು. ಸತ್ತವರ ಮೇಲೆ ಹಾಗೆ ಸಿಟ್ಟು ಬರುವುದಿಲ್ಲ. ಬದುಕಿರುವವನ ಮೇಲೆ, ತಡವಾಗಿ ಬಂದು ಚಪ್ಪಲಿ ಬಿಡುತ್ತಿರುವವನ ಮೇಲೆ ಬರುವಂಥದ್ದು. ಯಾರದ್ದೋ ಚುಕ್ಕೆಯನ್ನು ತಂದು ನನ್ನ ಮುಖಕ್ಕೆ ಅಂಟಿಸಿದೆಯಾ?

ಗಾಜಿನ ಕೋಣೆಗೆ ಬಂದು ಅವಳು ಮಾಡಿದ್ದು ಅಳತೆ. ಪಟ್ಟಿಯ ಅಗಲದಲ್ಲಿ ಲಾಂಛನ, ಲಾಂಛನದ ಖಾಲಿ ಜಾಗ, ಅಂಚು ಎಲ್ಲ ಹೋಗಿ ಗುರುತಿಗೆ ಉಳಿಯುವುದು ಸರಿಯಾಗಿ ನಾಲ್ಕು ಸೆಂಟಿಮೀಟರ್. ಗಾಲಿ ನಾಲ್ಕು. ಚುಕ್ಕೆ ಅದರಾಚೆ ಮೂರು ಮಿಲಿಮೀಟರ್. ಮತ್ತೊಮ್ಮೆ ಅಳೆದಳು. ಚುಕ್ಕೆ ಲಾಂಛನದ ಖಾಲಿಯೊಳಗೆ ಬರುತ್ತಿತ್ತು, ನೆಂಟರ ಮನೆಯ ಅಂಗಳಕ್ಕೆ ಒಂದು ಕಾಲಿಟ್ಟು ನಿಂತವರಂತೆ. ಬರತಕ್ಕದ್ದಲ್ಲ. ಅವಳೇನೂ ಮಾಡಬೇಕಿಲ್ಲ, ನಿಯಮವೇ ಮಾಡುತ್ತದೆ. ಅವಳಿಗೆ ತಣ್ಣನೆಯ ಒಂದು ಖುಷಿಯಾಯಿತು, ಮತ್ತು ಅದನ್ನು ಯಾರಿಗಾದರೂ ಹೇಳಲೇಬೇಕು ಅನಿಸಿತು. ಯಾರಿಗೆ ಎಂಬುದರಲ್ಲಿ ಸಂಶಯವಿರಲಿಲ್ಲ. ಅಳುವುದನ್ನು ನೋಡಬೇಕಿತ್ತು.

ರೆಕ್ಸಿನಕ್ಕ ಬಾಯಲ್ಲಿ ದಾರ ಕಚ್ಚಿಕೊಂಡು ಸೀಟಿನ ಮಡಿಕೆ ಒತ್ತುತ್ತಿದ್ದಳು. ಇವಳಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಅಗಲ ಮುಖ, ಎಡ ಹೆಬ್ಬೆರಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಜಿಗಾಯ. ಶೆಡ್ಡಿನಲ್ಲಿ ಎಲ್ಲರೂ ಅಕ್ಕಾ ಎನ್ನುತ್ತಿದ್ದರು. ಇವಳೊಬ್ಬಳೇ ಏನೂ ಎನ್ನದೆ, ಎದುರು ಹೋಗಿ ನಿಂತು ಮಾತು ಶುರುಮಾಡುತ್ತಿದ್ದವಳು.

‘ಫಾರಮ್ಮಲ್ಲಿ ವರ್ಷ ಕೇಳಿದಾರೆ. ಈ ಗಾಲಿ ಮೊದ್ಲು ಬಂದಿದ್ದು ಯಾವಾಗ?’

‘ಹನ್ನೊಂದು ವರ್ಷ ಆಯ್ತು. ತಡೀರಿ, ತೋರಿಸ್ತೀನಿ.’ ಬಾಬಿನ್ನುಗಳ ಡಬ್ಬಿಯ ತಳದಿಂದ ನಾಲ್ಕು ಮಡಿಕೆಯ ಕಂದು ರೆಕ್ಸಿನ್ ತುಂಡೊಂದನ್ನು ತೆಗೆದು ತೊಡೆಯ ಮೇಲೆ ಬಿಡಿಸಿದಳು. ಬಿಳಿ ದಾರದಲ್ಲಿ ಹೊಲಿದ ಗಾಲಿ. ಎಂಟು ಕಡ್ಡಿ. ‘ಟೀ ಲೋಟ ಬೋರಲು ಹಾಕಿ ಚಾಕ್‌ಪೀಸಲ್ಲಿ ಸುತ್ತ ಗೆರೆ ಎಳೆದಿದ್ದು. ಅದಕ್ಕೇ ದುಂಡಗಾಯ್ತು. ಕಡ್ಡಿಗೆ ಲೋಟ ಸಹಾಯ ಮಾಡ್ಲಿಲ್ಲ, ನೋಡಿ, ಎಲ್ಲಾ ಸೊಟ್ಟ.’

‘ಯಾರು ಎಳೆದಿದ್ದು?’

‘ನಾನೇ,’ ಎಂದಳು, ಇವತ್ತು ಸೆಕೆ ಜಾಸ್ತಿ ಎನ್ನುವಂತೆ. ‘ಆಸ್ಪತ್ರೇಲಿ ನಮ್ಮ ಕುರ್ಚಿ ಯಾವ್ದು ಅವ್ರ ಕುರ್ಚಿ ಯಾವ್ದು ಗೊತ್ತೇ ಆಗ್ತಿರ್ಲಿಲ್ಲ. ಸೀಟಿನ ಮೂಲೇಲಿ ಹೊಲಿಯೋಣ ಅಂತ ಮಾಡಿದ್ದೆ. ಅವ್ರು ನೋಡಿ, ದಾರ ಸವೆದು ಹೋಗತ್ತೆ, ನಾನು ತಗಡಿನ ಮೇಲೆ ಪೇಂಟಲ್ಲಿ ಬರೀತೀನಿ ಅಂದ್ರು. ಆಮೇಲೆ ಅವ್ರದ್ದೇ ಆಯ್ತು. ಒಳ್ಳೇದೇ ಆಯ್ತಲ್ಲ.’

‘ಈ ಚುಕ್ಕೆ?’

ರೆಕ್ಸಿನಕ್ಕ ನಕ್ಕಳು. ‘ಸೂಜಿ ಮುರೀತು. ತುದಿ ಒಳಗೇ ಕೂತ್ಕೊಂಡ್ಬಿಡ್ತು. ತೆಗೆಯೋಕೆ ಹೋದ್ರೆ ರೆಕ್ಸಿನ್ ಹರಿಯತ್ತೆ ಅಂತ ಮೇಲೆ ನಾಲ್ಕು ಸುತ್ತು ದಾರ ಸುತ್ತಿ ಗಂಟು ಹಾಕ್ದೆ. ಮುಟ್ಟಿ ನೋಡಿ, ಈಗ್ಲೂ ಚುಚ್ಚತ್ತೆ.’

ಅವಳು ಮುಟ್ಟಿದಳು. ಚುಚ್ಚಿತು. ಈ ಸಲ ತಡವಾಗಲಿಲ್ಲ. ಬೆರಳ ತುದಿಯಿಂದ ಮೊಣಕೈವರೆಗೆ, ಆ ಕ್ಷಣವೇ. ಹನ್ನೊಂದು ವರ್ಷ ಹಳೆಯ ಸೂಜಿ. ಹಾಗಾದರೆ ಗಾಲಿಯೂ ಅವಳದೇ, ಚುಕ್ಕೆಯೂ ಅವಳದೇ. ಅವನು ದಿನಾ ಬೆಳಗ್ಗೆ ಬಣ್ಣ ಕಲಸಿ, ಈ ಹೆಂಗಸಿನ ಮುರಿದ ಸೂಜಿಯನ್ನು ಊರ ಕುರ್ಚಿಗಳಿಗೆಲ್ಲ ಬರೆದ. ಆಮೇಲೆ ಒಂದು ದಿನ, ಕೈಗೆ ಸಿಕ್ಕಿದ ಮೊದಲ ಮಚ್ಚೆಗೆ ಅದನ್ನು ಹೊಂದಿಸಿದ. ಮತ್ತು ಇದೆಲ್ಲ ಗೊತ್ತಿದ್ದೂ ಇವಳು, ಈ ಅಗಲ ಮುಖದವಳು, ದೊಡ್ಡವರು ಹತ್ತು ಸಲ ‘ಅವ್ರ ಗುರುತು, ಅವ್ರ ನೆನಪು’ ಎಂದಾಗಲೂ ತುಟಿ ಬಿಚ್ಚಲಿಲ್ಲ. ಬಿಟ್ಟುಕೊಟ್ಟಿದ್ದಳು. ಉಳ್ಳವರಿಗೆ ಮಾತ್ರ ಹಾಗೆ ಬಿಟ್ಟುಕೊಡಲು ಸಾಧ್ಯ.

‘ಈ ಚುಕ್ಕೆ ಇರೋ ಹಾಗಿಲ್ಲ,’ ಎಂದಳು. ಸ್ವರ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ‘ನಿಯಮದ ಪ್ರಕಾರ ಮೂರು ಮಿಲಿಮೀಟರ್ ಆಚೆ ಬರತ್ತೆ. ತೆಗೀಬೇಕು. ಎಲ್ಲಾ ಕುರ್ಚಿಯಿಂದ.’

ಕಾದಳು. ರೆಕ್ಸಿನಕ್ಕ ಕಣ್ಣೀರಿಗೆ ಹೆಸರಾದವಳು. ಹಳೆಯ ಪೇಂಟಿನ ಡಬ್ಬಿ ಎಸೆದಾಗಲೂ ಅತ್ತವಳು. ಆದರೆ ಅವಳು ತುಂಡನ್ನು ಮೊದಲಿನಂತೆ ನಾಲ್ಕು ಮಡಿಕೆ ಮಾಡಿ, ‘ತೆಗೀರಿ, ಅದಕ್ಕೇನಂತೆ. ಮುರಿದ ಸೂಜಿ ತಾನೇ,’ ಎಂದು ಡಬ್ಬಿಯೊಳಗಿಟ್ಟಳು. ಇವಳಿಗೆ, ಎಳೆಯಲೆಂದು ಬಲ ಹಾಕಿದ ಬಾಗಿಲು ಮೊದಲೇ ತೆರೆದಿದ್ದಂತೆ, ನಿಂತಲ್ಲೇ ಆಯ ತಪ್ಪಿತು. ತಿರುಗಿ ಎರಡು ಹೆಜ್ಜೆ ಇಟ್ಟಿದ್ದಳು.

‘ಆದ್ರೆ ಅದು ನಿಮ್ದು ಅಂತಿದ್ರು.’

‘ಏನು?’

ರೆಕ್ಸಿನಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. ‘ನಿಮ್ಮನ್ನ ಮೊದಲ್ನೇ ಸಲ ನೋಡ್ಕೊಂಡು ಬಂದ ದಿನ. ಟೀ ಕೊಟ್ಟೆ, ಮುಟ್ಲಿಲ್ಲ. ಒಂದು ಕುರ್ಚಿ ಬೆನ್ನು ತಿರುಗಿಸಿ ಎದುರಿಗಿಟ್ಕೊಂಡು ಕೂತ್ಬಿಟ್ರು. ಏನಾಯ್ತ್ರೀ ನಿಮ್ಗೆ ಅಂದೆ. ಆರು ವರ್ಷದಿಂದ ಈ ಚುಕ್ಕೆ ಬರೀತಾ ಇದೀನಿ, ಯಾಕೆ ಬರೀತೀನಿ ಅಂತ ಒಂದಿನಾನೂ ಗೊತ್ತಿರ್ಲಿಲ್ಲ, ಇವತ್ತು ಒಂದು ಮುಖದ ಮೇಲೆ ಇದೇ ಜಾಗದಲ್ಲಿ ನೋಡಿ ಬಂದೆ, ಅಂದ್ರು.’ ದಾರ ಸೂಜಿಯ ಕಣ್ಣಿಗೆ ಹೋಯಿತು. ‘ಟೀ ಆರಿಹೋಯ್ತು. ನಾನೇ ಕುಡಿದೆ.’

ಮೆಷಿನ್ ಶುರುವಾಯಿತು.

ಗಾಜಿನ ಕೋಣೆಯಲ್ಲಿ ಕೂತು ಅವಳು ಗೋಡೆ ನೋಡಿದಳು. ಸುಳ್ಳು ಎಂದು ಮೊದಲು ಅನಿಸಿತು. ವಿಧವೆಗೆ ಕೊಡುವ ಸಿಹಿ ಸುಳ್ಳು. ಆಸ್ಪತ್ರೆಯ ಓಣಿಯಿಂದ ಇಲ್ಲಿಯವರೆಗೆ ಎಷ್ಟು ಜನ ಕೊಟ್ಟಿಲ್ಲ, ‘ನಿಮ್ಮ ಹೆಸರೇ ಹೇಳ್ತಿದ್ರು’ ಎಂದು, ‘ನೋವೇ ಆಗ್ಲಿಲ್ವಂತೆ’ ಎಂದು. ಇದೂ ಅಂಥದ್ದೇ, ಕೈಗೆ ಸಿಕ್ಕಿದ ತುಂಡಿನಿಂದ ಹೊಲಿದು ಕೊಟ್ಟದ್ದು. ಆಮೇಲೆ, ಸುಳ್ಳಲ್ಲದಿದ್ದರೆ ಎಂದು ಯೋಚಿಸಿದಳು. ಆಗ ಇನ್ನೂ ಕೆಟ್ಟದಾಯಿತು. ಸುಳ್ಳಲ್ಲದಿದ್ದರೆ ಅವನು ತನ್ನ ಹೆಂಡತಿಯಾಗುವವಳಿಗೆ ಹೇಳಿದ್ದು, ‘ಇದು, ಇದು,’ ಎರಡು ಪದ. ಉಳಿದದ್ದನ್ನೆಲ್ಲ, ಆರು ವರ್ಷ, ಗೊತ್ತಿರಲಿಲ್ಲ, ಒಂದು ಮುಖ, ಅದನ್ನೆಲ್ಲ ಈ ಮೂಲೆಯಲ್ಲಿ, ಮುಟ್ಟದ ಟೀ ಎದುರು, ಇನ್ನೊಬ್ಬಳಿಗೆ ಹೇಳಿದ. ನನಗೆ ಬಂದದ್ದು ಮಡಿಸಿದ ತುಂಡು. ಬಿಡಿಸಿದ್ದು ಅವಳ ತೊಡೆಯ ಮೇಲೆ. ಒಲವು ನನ್ನ ಮೇಲಿದ್ದರೂ ಅದರ ಮಾತು ಅವಳ ಪಾಲಾಯಿತು. ಹೀಗೂ ಒಬ್ಬರ ಮೇಲೆ ಹೊಟ್ಟೆಕಿಚ್ಚು ಪಡಬಹುದೇ, ನನ್ನನ್ನು ಪ್ರೀತಿಸಿದ್ದನ್ನು ಕೇಳಿಸಿಕೊಂಡಳು ಎಂದು? ಪಡಬಹುದು. ಅವಳು ಪಡುತ್ತಿದ್ದಳು. ಎದೆಯ ನಡುವೆ ನಿಜವಾದ ಉರಿಯಿತ್ತು, ಬೆರಳಿನಲ್ಲಿ ಬೆಳಗಿನ ಬಿಸಿಗಾಳಿ ಸುಟ್ಟಲ್ಲಿ ಈಗ ನೋವು ಶುರುವಾಗಿತ್ತು, ಮತ್ತು ಇವೆರಡರ ನಡುವೆ ಎಲ್ಲೋ ಅವನು ಇದ್ದ, ಹದಿನಾಲ್ಕು ತಿಂಗಳಲ್ಲಿ ಎಂದೂ ಇರದಷ್ಟು ಹತ್ತಿರ, ಟೀ ಆರಲು ಬಿಟ್ಟು ಕೂತಿದ್ದ.

ನಾಲ್ಕೂಕಾಲಾಗಿತ್ತು. ಅವಳು ಕಂಪ್ಯೂಟರಿನಲ್ಲಿ ಗುರುತನ್ನು ತೆರೆದಳು. ಚುಕ್ಕೆಯನ್ನು ಆರಿಸಿ, ಅಳಿಸಿದಳು. ಗಾಲಿ ಒಂಟಿಯಾಗಿ, ಎಷ್ಟೋ ಸಂಸ್ಥೆಗಳ ಗಾಲಿಯಂತೆ, ನಾಲ್ಕು ಸೆಂಟಿಮೀಟರಿನಲ್ಲಿ ಸರಿಯಾಗಿ ಕೂತಿತು. ನಿಯಮಕ್ಕೆ ಒಪ್ಪುವಂಥದ್ದು. ಅದನ್ನು ನೋಡುತ್ತಾ ಕೈ ತಾನಾಗಿ ಗಲ್ಲಕ್ಕೆ ಹೋಯಿತು, ಅಲ್ಲಿ ಇದೆಯೇ ಎಂದು ನೋಡುವಂತೆ. ಅಳಿಸಿದ್ದನ್ನು ವಾಪಸು ತಂದಳು. ಗಾಲಿ ಮತ್ತು ಚುಕ್ಕೆ ಎರಡನ್ನೂ ಒಟ್ಟಿಗೆ ಹಿಡಿದು ಸಣ್ಣದು ಮಾಡುತ್ತಾ ಹೋದಳು, ಚುಕ್ಕೆಯ ಹೊರ ಅಂಚು ಗೆರೆಯೊಳಕ್ಕೆ ಬರುವವರೆಗೆ. ಗಾಲಿ ಮೂರು ಮುಕ್ಕಾಲಿಗಿಂತ ಕೊಂಚ ಕಡಿಮೆಗೆ ಇಳಿಯಿತು. ಲಾಂಛನದ ಪಕ್ಕ ಅದು ತುಸು ಬಡವಾಗಿ ಕಾಣುತ್ತಿತ್ತು. ಇರಲಿ. ಸಣ್ಣದಿರಬಾರದು ಎಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ಮುದ್ರಿಸಿದಳು. ಒಪ್ಪಿಗೆ ಪತ್ರವನ್ನು ಎದುರಿಗೆ ಎಳೆದುಕೊಂಡು, ರಚಿಸಿದವರ ಹೆಸರು ಎಂಬಲ್ಲಿ ಪೆನ್ನು ಇಟ್ಟು ತಡೆದಳು. ಆಮೇಲೆ ಎದ್ದು ಹೋಗಿ ಹಾಜರಿ ಪುಸ್ತಕ ತೆರೆದು, ಯಾರೂ ಕರೆಯದ ಒಂದು ಹೆಸರನ್ನು ಹುಡುಕಿ, ಕಾಗುಣಿತ ನೋಡಿಕೊಂಡು, ಬರೆದಳು. ಬರೆಯುವಾಗ ಒಳ್ಳೆಯತನವೇನೂ ಅನಿಸಲಿಲ್ಲ. ಸಂಸ್ಥೆಯ ಕಾಗದದಲ್ಲಿ ಅವನು ಇನ್ನು ಪೇಂಟು ಬಳಿದವನು ಮಾತ್ರ. ಅದು ಅವಳಿಗೆ ಗೊತ್ತಿತ್ತು. ಮನೆ ಪಾಲಾಗುವಾಗ ಪಾತ್ರೆಪಡಗವನ್ನೆಲ್ಲ ಅತ್ತ ಸರಿಸಿ, ಸೆರಗಿನಲ್ಲಿ ಒಂದನ್ನು ಬಿಗಿಯಾಗಿ ಹಿಡಿದುಕೊಂಡವರ ನೆಮ್ಮದಿ ಅದು.

ಶೆಡ್ಡಿನಲ್ಲಿ ಸಂಜೆಯ ಬೆಳಕು ಮೂಲೆಯ ಕಿಟಕಿಯಿಂದ ಮೆಷಿನ್ ಮೇಲೆ ಬೀಳುತ್ತಿತ್ತು. ಮುದ್ರಿಸಿದ ಹಾಳೆಯನ್ನು ರೆಕ್ಸಿನಕ್ಕನ ಮುಂದೆ ಇಟ್ಟಳು.

‘ಗಾಲಿ ಸಣ್ಣದಾಯ್ತಲ್ಲ,’ ಎಂದಳು ಅವಳು.

‘ಚುಕ್ಕೆ ಉಳೀಬೇಕಾದ್ರೆ ಬೇರೆ ದಾರಿ ಇರ್ಲಿಲ್ಲ.’

ರೆಕ್ಸಿನಕ್ಕ ಹಾಳೆಯ ಮೇಲಿನ ಚುಕ್ಕೆಯನ್ನು ನೋಡಿದಳು. ಆಮೇಲೆ ಕಣ್ಣೆತ್ತಿದಳು. ಕಣ್ಣುಗಳು ಇವಳ ಕಣ್ಣಿನವರೆಗೆ ಬರಲಿಲ್ಲ. ಗಲ್ಲದ ಹತ್ತಿರ ನಿಂತುಬಿಟ್ಟವು, ಮತ್ತು ನಿಲ್ಲಬೇಕಾದದ್ದಕ್ಕಿಂತ ಒಂದು ಉಸಿರು ಹೆಚ್ಚು ನಿಂತವು. ಆ ನೋಟ ಇವಳಿಗೆ ಚೆನ್ನಾಗಿ ಗೊತ್ತಿತ್ತು. ಗಾಜಿನ ಕೋಣೆಯೊಳಗಿನಿಂದ ಮೊಳೆಯ ಅಂಗಿಯನ್ನು ತಾನು ನೋಡುತ್ತಿದ್ದುದು ಹಾಗೆಯೇ. ಅನುಕಂಪಕ್ಕೆ ಸುಳ್ಳು ಹೇಳಿದವರು ಹಾಗೆ ನೋಡುವುದಿಲ್ಲ. ಹಾಗಾದರೆ ಅವನು ಹೇಳಿದ್ದು ನಿಜ, ಪದ ಪದವೂ. ಮತ್ತು ಮದುವೆಗೆ ಮುಂಚಿನ ಆ ದಿನ ಮೆಷಿನ್ ನಿಂತಾಗ ತುಂಡಾದದ್ದು ದಾರವಾಗಿರಲಿಲ್ಲ.

ಅವಳು ಒಪ್ಪಿಗೆ ಪತ್ರವನ್ನು ಮುಂದಕ್ಕೆ ಸರಿಸಿದಳು. ‘ಇಲ್ಲಿ ಸಹಿ ಹಾಕಿ.’

‘ನಾನಾ? ವಾರಸುದಾರರು ನೀವಲ್ವಾ?’

‘ರಚಿಸಿದವರು ಬದುಕಿದ್ರೆ ವಾರಸುದಾರರು ಬೇಕಾಗಲ್ಲ. ನಿಮ್ಮ ಹೆಸರು ಬರೆದಿದೀನಿ. ಗಾಲಿ ನಿಮ್ದು.’

ರೆಕ್ಸಿನಕ್ಕ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿಕೊಂಡಳು. ಇಡೀ ಶೆಡ್ಡು ಬಲ್ಲ ಕಣ್ಣೀರು ಈಗ ಬಂತು. ಬಟ್ಟೆ ಕತ್ತರಿಸುವವರ ಕೈಯಿಂದ ಪೆನ್ನನ್ನು ಚಾಕ್‌ಪೀಸಿನಂತೆ ಹಿಡಿದು, ಒತ್ತಿ, ಸಹಿ ಮಾಡಿದಳು. ಆಮೇಲೆ ಅದೇ ಪೆನ್ನಿನ ತುದಿಯನ್ನು ಮುದ್ರಿತ ಹಾಳೆಯ ಮೇಲೆ, ಗಾಲಿಯಾಚೆಯ ಚುಕ್ಕೆಯ ಪಕ್ಕ ಇಟ್ಟು, ‘ಮತ್ತೆ ಇದು?’ ಎಂದಳು. ಮೆತ್ತಗೆ, ಉತ್ತರ ಗೊತ್ತಿದ್ದೇ ಕೇಳುವವರಂತೆ.

ಇವಳ ಕೈ ಗಲ್ಲವನ್ನು ಮುಚ್ಚಿಕೊಳ್ಳಲು ಅರ್ಧ ಎದ್ದಿತ್ತು. ಅದನ್ನು ಕೆಳಗಿಳಿಸಿದಳು. ಮಚ್ಚೆ ಇನ್ನೊಬ್ಬಳಿಗೆ ಚೆನ್ನಾಗಿ ಕಾಣುವಂತೆ, ಮುಖವನ್ನು ಒಂದಿಷ್ಟು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದಳು.